ಯಾರೂ ಈಜದ ಈಜುಕೊಳವನ್ನು ಕಡಿಮೆ ಖರ್ಚಲ್ಲಿ ನೋಡಿಕೊಳ್ಳೋದು ಹೇಗೆ

ಅಣ್ಣ ಇರುವುದು ದುಬೈಯಲ್ಲಿ, ಮನೆ ಇರುವುದು ಉಡುಪಿ ಹತ್ತಿರ, ಬೀಗದ ಕೈ ಇರುವುದು ನನ್ನಲ್ಲಿ. ಮನೆ ಹಿಂದೆ 20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳದ ಈಜುಕೊಳ ಇದೆ. ಮಕ್ಕಳು ವರ್ಷಕ್ಕೆ ಹದಿನೈದು ದಿನ ಬಂದು ಹಾರುತ್ತಾರೆ. ಉಳಿದ ದಿನ ಅದು ಕಪ್ಪೆಗಳದ್ದೇ.

ಮೊದಲು ನಾನು ಮಾಡಿದ ಎಡವಟ್ಟು ಹೇಳುತ್ತೇನೆ. ಜುಲೈಯಲ್ಲಿ ನೀರು ಹಸಿರಾಯಿತು ಅಂತ ಪಂಪ್ ಇಟ್ಟು ಪೂರ್ತಿ ಖಾಲಿ ಮಾಡಿಬಿಟ್ಟೆ. ಎರಡು ದಿನ ಬಿಟ್ಟು ನೋಡಿದರೆ ತಳದ ಟೈಲ್ಸ್ ದೋಸೆ ಹಾಗೆ ಉಬ್ಬಿವೆ, ಸಂದಿಯಿಂದ ಕೆಂಪು ನೀರು ಜಿನುಗುತ್ತಿದೆ. ನಮ್ಮ ಕಡೆ ಮಳೆಗಾಲದಲ್ಲಿ ನೆಲದೊಳಗಿನ ನೀರು ಮೇಲಕ್ಕೆ ಬರುತ್ತದಲ್ವಾ, ಅದು ಕೊಳದ ತಳವನ್ನು ಕೆಳಗಿನಿಂದ ಒತ್ತುತ್ತದೆ. ಕೊಳ ತುಂಬಿದ್ದರೆ ಆ ಭಾರವೇ ಒತ್ತಡವನ್ನು ತಡೆದುಕೊಳ್ಳುತ್ತದೆ. ಖಾಲಿ ಇದ್ದರೆ ತಳ ಒಡೆಯಬಹುದು, ಫೈಬರ್ ಕೊಳವಾದರೆ ದೋಣಿ ಹಾಗೆ ಮೇಲೆದ್ದೇ ಬರಬಹುದು. ಹಾಗಾಗಿ ಖಾಲಿ ಮಾಡುವ ಮೊದಲು ಹತ್ತಿರದ ಬಾವಿಗೆ ಒಮ್ಮೆ ಇಣುಕಿ. ಬಾವಿ ನೀರು ಕೊಳದ ತಳಕ್ಕಿಂತ ಚೆನ್ನಾಗಿ ಕೆಳಗಿದ್ದರೆ ಮಾತ್ರ ಮುಟ್ಟಿ.

ಹಾಗಂತ ಸುಮ್ನೆ ಬಿಡುವ ಹಾಗೂ ಇಲ್ಲ. ಸೊಳ್ಳೆ ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಏಳರಿಂದ ಹತ್ತು ದಿನ ಸಾಕು. ಮಲೇರಿಯಾ ಅಂದರೆ ಏನು ಅಂತ ಮಂಗಳೂರು ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ, ಅದನ್ನು ಹರಡುವ ಸೊಳ್ಳೆಗೆ ತಿಳಿ ನೀರೇ ಇಷ್ಟ.

ಮತ್ತೆ ಕ್ಲೋರಿನ್ ಹಾಕುತ್ತಾ ಇರೋಣ ಅಂದರೆ ಲೆಕ್ಕ ನೋಡಿ. ಈ ಅಳತೆಯ ಕೊಳದಲ್ಲಿ ಸುಮಾರು 22,600 ಲೀಟರ್ ನೀರು. ಸಾವಿರ ಲೀಟರಿಗೆ 10 ಗ್ರಾಂ ಬ್ಲೀಚಿಂಗ್ ಪೌಡರ್ ಅಂದರೂ ಪ್ರತಿ ಸಲ ಕಾಲು ಕೆಜಿ ಹತ್ತಿರ, ಅದನ್ನೂ ಬಿಸಿಲು ಬೇಗ ತಿಂದು ಹಾಕುತ್ತದೆ. 1 ಎಚ್‌ಪಿ ಪಂಪ್ ದಿನಕ್ಕೆ 4 ಗಂಟೆ ಓಡಿದರೆ 3 ಯೂನಿಟ್ ಕರೆಂಟ್, ತಿಂಗಳಿಗೆ 90. ಯಾರೂ ಇಳಿಯದ ನೀರಿಗೆ ಇದು ಜಾಸ್ತಿಯೇ.

ಅದಕ್ಕೆ ನಾನು ಅದನ್ನು ಕೆರೆ ಮಾಡಿಬಿಟ್ಟೆ. ಕ್ಲೋರಿನ್ ನಿಲ್ಲಿಸಿ ಒಂದು ವಾರ ಬಿಸಿಲಿಗೆ ಬಿಟ್ಟೆ. ಆಮೇಲೆ ಒಂದು ಬಕೆಟ್ ನೀರು ತೆಗೆದು, ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನು ಎರಡು ಬಿಟ್ಟು ನೋಡಿದೆ. ಮರುದಿನ ಬೆಳಿಗ್ಗೆ ಬದುಕಿದ್ದವು, ಸರಿ, ಐವತ್ತು ಬಿಟ್ಟೆ. ಅಂಗಡಿಯಲ್ಲಿ ಸಿಗುತ್ತವೆ, ಆದರೆ ಮೊದಲು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ, ಇಂಥ ಮೀನನ್ನು ಕೆಲವು ಕಡೆ ಅವರೇ ಕೊಡುತ್ತಾರೆ. ನೀರು ಸ್ವಲ್ಪ ಹಸಿರಾದರೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಎಲೆ ಬಿದ್ದು ಕೊಳೆತರೆ ಮೀನಿಗೆ ಉಸಿರು ಕಟ್ಟುತ್ತದೆ, ವಾರಕ್ಕೊಮ್ಮೆ ಬಲೆಯಲ್ಲಿ ಬಾಚಿ ತೆಗೆಯಿರಿ. ನೀರು ತುಂಬಿ ಹೊರಗೆ ಹೋಗುವ ಪೈಪಿನ ಬಾಯಿಗೆ ಸೊಳ್ಳೆ ಪರದೆ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಈ ಮೀನು ತೋಡಿಗೆ (ಸಣ್ಣ ಹಳ್ಳಕ್ಕೆ) ಸೇರಿ ಅಲ್ಲಿನ ಮೀನು, ಕಪ್ಪೆ ಮರಿಗಳಿಗೆ ಕಂಟಕ.

ಮೇಲೆ ಟರ್ಪಾಲ್ ಹಾಕಬೇಡಿ. ಒಂದೇ ದಿನ 100 ಮಿ.ಮೀ. ಮಳೆ ಬಂದರೆ ಇಷ್ಟು ಜಾಗದ ಮೇಲೆ 1,800 ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಟರ್ಪಾಲ್ ಜೋತು ಬಿದ್ದು ಅದರ ಮೇಲೆಯೇ ಇನ್ನೊಂದು ಸೊಳ್ಳೆ ಕೊಳ ಆಗುತ್ತದೆ. ಅಡಿಕೆ ಮರದ ಕಂಬ ಅಡ್ಡ ಇಟ್ಟು ಶೇಡ್ ನೆಟ್ ಎಳೆದು ಕಟ್ಟಿ, ಮಳೆ ನೀರು ಇಳಿಯುತ್ತದೆ, ಮಾವಿನ ಎಲೆ ನೆಟ್ಟಿನ ಮೇಲೆಯೇ ಉಳಿಯುತ್ತದೆ. ಆದರೆ ನೆಟ್ ಮಗುವಿನ ಭಾರ ತಡೆಯುವುದಿಲ್ಲ! ಸುತ್ತ ಬೇಲಿ, ಗೇಟಿಗೆ ಬೀಗ, ಇದರಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಒಂದು ಮೂಲೆಯಲ್ಲಿ ಹಲಗೆ ಓರೆಯಾಗಿ ಇಳಿಬಿಡಿ, ಬಿದ್ದ ಬೆಕ್ಕೋ ಕೇರೆ ಹಾವೋ ಹತ್ತಿ ಹೋಗಲಿ.

ಪಂಪಿನ ನೀರು ಬಸಿದು ಬಿಚ್ಚಿ ಒಳಗೆ ಇಟ್ಟುಬಿಡಿ. ಹೊರಗಿದ್ದರೆ ಉಪ್ಪು ಗಾಳಿಗೆ ತುಕ್ಕು ಹಿಡಿಯುತ್ತದೆ.

ಅಣ್ಣನಿಗೆ ಈಗ ಮೇ ಬದಲು ಡಿಸೆಂಬರಿನಲ್ಲಿ ಬಾ ಅಂದಿದ್ದೇನೆ. ಮೇ ತಿಂಗಳಲ್ಲಿ ಉಡುಪಿಗೆ ಕುಡಿಯುವ ನೀರು ಕೊಡುವ ಬಜೆ ಅಣೆಕಟ್ಟಿನ ನೀರಿಗೇ ಜನ ಆಕಾಶ ನೋಡುತ್ತಿರುವಾಗ ಆಟಕ್ಕೆ ಅಂತ ಟ್ಯಾಂಕರ್ ತರಿಸಲು ಮನಸ್ಸು ಬರುವುದಿಲ್ಲ, ಕಿಸೆಯೂ ಒಪ್ಪುವುದಿಲ್ಲ. ನವೆಂಬರ್ ಕೊನೆಗೆ ಬಾವಿ ನೋಡಿಕೊಂಡು, ಕೊಳದ ನೀರನ್ನು ದಿನಾ ಸ್ವಲ್ಪ ಸ್ವಲ್ಪ ತೆಂಗಿನ ಬುಡಕ್ಕೆ ಬಿಡುತ್ತೇನೆ. ಮರಕ್ಕೆ ದಿನಕ್ಕೆ 50 ಲೀಟರ್ ಅಂದರೂ ಹತ್ತು ಮರಕ್ಕೆ ಹತ್ತಿರ ಹತ್ತಿರ ಒಂದೂವರೆ ತಿಂಗಳು ಬರುವಷ್ಟು ನೀರು ಅದು, ಮಕ್ಕಳು ಬರುವುದರೊಳಗೆ ಮುಗಿಯಬೇಕು ಅಂದರೆ ದಿನಕ್ಕೆ ಜಾಸ್ತಿ ಬಿಟ್ಟರಾಯಿತು. ನೀರು ಮೊಣಕಾಲಿಗೆ ಬಂದಾಗ ಇಬ್ಬರು ಇಳಿದು ಹಳೆ ಬೈರಾಸಿನ (ತೆಳು ಟವೆಲಿನ) ಎರಡು ತುದಿ ಹಿಡಿದು ಎಳೆಯುತ್ತೇವೆ, ಮತ್ತೆ ಮತ್ತೆ ಎಳೆದರೆ ಹೆಚ್ಚಿನ ಗಪ್ಪಿಗಳು ಮೇಲೆ ಬರುತ್ತವೆ. ಅವು ಡ್ರಮ್ಮಿಗೆ. ಆಮೇಲೆ ಬ್ರಷ್, ಬ್ಲೀಚಿಂಗ್, ಹೊಸ ನೀರು. ಮಕ್ಕಳು ವಿಮಾನ ಹತ್ತಿದ ವಾರಕ್ಕೆ ಡ್ರಮ್ಮಿನ ಮೀನು ವಾಪಸ್ ಕೊಳಕ್ಕೆ.