ಮಾತಾಡಿಕೊಂಡೇ ಓಡಿ: ಹೊಸಬರಿಗೆ ಒಂಬತ್ತು ವಾರಗಳ ಓಟದ ಪಾಠ

ಬೆಳಿಗ್ಗೆ ಆರು ಗಂಟೆಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಬಂದರೆ ಸೋಮವಾರ ಒಬ್ಬರಾದರೂ ಹೊಸಬರು ಕಾಣುತ್ತಾರೆ. ಹೊಸ ಶೂ, ಕೈಯಲ್ಲಿ ಹೊಸ ವಾಚು. ಏರಿ ಹತ್ತಿದವರೇ ಹೊರಟ ಬಸ್ಸು ಹಿಡಿಯುವವರ ಹಾಗೆ ಓಡುತ್ತಾರೆ. ಇನ್ನೂರು ಮೀಟರ್ ದಾಟುವಷ್ಟರಲ್ಲಿ ಸೊಂಟ ಹಿಡಿದು ನಿಂತುಬಿಡುತ್ತಾರೆ. ಗುರುವಾರದ ಹೊತ್ತಿಗೆ ಅವರ ಪತ್ತೆಯಿಲ್ಲ. ‘ಓಟ ನನ್ನ ಮೈಗೆ ಆಗಿಬರಲ್ಲ’ ಎಂದು ಮನೆಯಲ್ಲಿ ಹೇಳಿ ಮುಗಿಸಿರುತ್ತಾರೆ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವರ ಮೈಯಲ್ಲಿ ದೋಷವಿರುವುದಿಲ್ಲ, ಓಡಿದ ವೇಗ ತಪ್ಪಿರುತ್ತದೆ ಅಷ್ಟೇ.

ಶಾಲೆಯ ಸ್ಪೋರ್ಟ್ಸ್ ಡೇ ಮುಗಿದ ಮೇಲೆ ಓಡಿಯೇ ಇಲ್ಲದವರಿಗಾಗಿ ಈ ಬರಹ. ನಾನೂ ಓಡಲು ಶುರು ಮಾಡಿದ್ದು 43ನೇ ವಯಸ್ಸಿನಲ್ಲಿ. ಮರುವರ್ಷ ನಮ್ಮ ಬೀದಿಯ ಅಕ್ಕನನ್ನು ಜೊತೆಗೆ ಕರೆದುಕೊಂಡು ಹೋದೆ. ಅವರಿಗೆ ಆಗ 51, ಮಂಡ್ಯ ಕಡೆಯವರು. ಕೆಳಗೆ ಹೇಳಿರುವುದೆಲ್ಲ ನಾವಿಬ್ಬರೂ ಮಾಡಿ ನೋಡಿದ್ದು.

ಮೊದಲು ಡಾಕ್ಟರ ಹತ್ತಿರ

ಬಿ.ಪಿ., ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು, ಮೆಟ್ಟಿಲು ಹತ್ತಿದರೆ ಎದೆ ಹಿಡಿದಂತಾಗುವವರು, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಕಂಡವರು, ಮಂಡಿಗೆ ಆಪರೇಷನ್ ಆದವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಓಡುವ ದಿನ ಯಾವ ಹೊತ್ತಿಗೆ ಏನು ತಿನ್ನಬೇಕು, ಡೋಸ್ ಬದಲಿಸಬೇಕೇ ಎಂದು ಕೇಳಿಯೇ ಬನ್ನಿ. ಓಡುವಾಗ ಸಕ್ಕರೆ ಮಟ್ಟ ಇಳಿಯಬಹುದು, ಆದ್ದರಿಂದ ಜೇಬಿನಲ್ಲಿ ಗ್ಲೂಕೋಸ್ ಇರಲಿ. ಓಡುತ್ತಿರುವಾಗ ಎದೆಯಲ್ಲಿ ನೋವೋ ಬಿಗಿತವೋ ಬಂದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿ. ಪಕ್ಕದವರನ್ನು ಕರೆದು ಆಸ್ಪತ್ರೆಗೆ ಹೋಗಿ. ಗ್ಯಾಸ್ ಇರಬೇಕು ಎಂದು ಮನೆಗೆ ಬಂದು ಮಲಗಬೇಡಿ.

ಅರ್ಧ ಗಂಟೆ ಬಿರುಸಾಗಿ ನಡೆದರೂ ಸುಸ್ತಾಗದವರು ನೇರವಾಗಿ ಮೊದಲ ವಾರಕ್ಕೆ ಬರಬಹುದು. ಅಷ್ಟು ನಡೆಯಲು ಆಗದಿದ್ದರೆ ಮೊದಲು ಮೂರು ನಾಲ್ಕು ವಾರ ನಡಿಗೆಯನ್ನೇ ಮಾಡಿ.

ಶೂ ಕೊಳ್ಳುವುದು ಸಂಜೆ

ದುಡ್ಡು ಹಾಕಬೇಕಾದ ವಸ್ತು ಇದೊಂದೇ. ನನ್ನ ಮೊದಲ ಜೊತೆ ಶೂ ಕೊಂಡ ಅಂಗಡಿಯಲ್ಲಿ ‘ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಮೇಡಂ’ ಎಂದು ಬಿಗಿಯಾದದ್ದನ್ನೇ ಕೊಟ್ಟರು. ನಂಬಿದೆ. ಮೂರನೆಯ ವಾರಕ್ಕೆ ಎರಡೂ ಹೆಬ್ಬೆರಳಿನ ಉಗುರು ಕಪ್ಪಾಗಿ, ಒಂದು ಕಿತ್ತುಬಂತು. ಓಡುವಾಗ ಪಾದ ಪ್ರತಿ ಹೆಜ್ಜೆಗೂ ಶೂ ಒಳಗೆ ಸ್ವಲ್ಪ ಮುಂದಕ್ಕೆ ಜಾರುತ್ತದೆ, ಜಾಗವಿಲ್ಲದಿದ್ದರೆ ಉಗುರು ಗುದ್ದಿಕೊಳ್ಳುತ್ತದೆ.

ಹಾಗಾಗಿ ಸಂಜೆ ಹೊತ್ತು ಅಂಗಡಿಗೆ ಹೋಗಿ, ದಿನವೆಲ್ಲ ಓಡಾಡಿ ಪಾದ ಸ್ವಲ್ಪ ಊದಿರುತ್ತದೆ. ನೀವು ಓಡುವಾಗ ಹಾಕುವ ಸಾಕ್ಸನ್ನೇ ಹಾಕಿಕೊಂಡು ಹೋಗಿ. ಎರಡೂ ಕಾಲಿಗೆ ಶೂ ಹಾಕಿ ಎದ್ದು ನಿಂತಾಗ, ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಖಾಲಿ ಇರಬೇಕು. ಹಿಮ್ಮಡಿ ಎದ್ದು ಬರಬಾರದು. ಅಂಗಡಿಯೊಳಗೆ ನಾಲ್ಕು ಹೆಜ್ಜೆ ಓಡಿ ನೋಡಿ, ಸಂಕೋಚ ಬೇಡ. ಹಾಕಿದ ಕ್ಷಣ ಹಿತವಾಗಿರುವುದೇ ನಿಮ್ಮ ಶೂ, ಬೆಲೆ ನೋಡಿ ಆರಿಸಬೇಡಿ. ಕ್ಯಾನ್ವಾಸ್ ಶೂ, ಚಪ್ಪಲಿ ಬೇಡ. ಸಾಮಾನ್ಯವಾಗಿ ಒಂದು ಜೊತೆ 500ರಿಂದ 800 ಕಿ.ಮೀ. ಬಾಳುತ್ತದೆ, ಹೊಸಬರಿಗೆ ವರ್ಷಕ್ಕೆ ಧಾರಾಳ.

ಹೆಂಗಸರು ಒಳ್ಳೆಯ ಸ್ಪೋರ್ಟ್ಸ್ ಬ್ರಾ ಒಂದನ್ನು ಕೊಳ್ಳಲೇಬೇಕು. ಇದನ್ನು ಯಾರೂ ಹೇಳುವುದಿಲ್ಲ, ನೋವಾಗುತ್ತದೆ ಎಂದು ಎಷ್ಟೋ ಜನ ಓಟವನ್ನೇ ಬಿಡುತ್ತಾರೆ. ಮಿಕ್ಕ ಬಟ್ಟೆ ಮನೆಯಲ್ಲಿರುವುದೇ ಸಾಕು. ಅಕ್ಕ ಒಂಬತ್ತು ವಾರವೂ ಚೂಡಿದಾರದಲ್ಲೇ ಓಡಿದರು, ವೇಲನ್ನು ಅಡ್ಡಲಾಗಿ ಹಾಕಿ ಸೊಂಟಕ್ಕೆ ಗಂಟು ಕಟ್ಟಿಕೊಳ್ಳುತ್ತಿದ್ದರು. ‘ನೋಡೋರು ಏನಂದ್ಕೊತಾರೋ’ ಎಂಬ ಅಳುಕು ಅವರಿಗೆ ಮೊದಲ ನಾಲ್ಕು ದಿನ ಇತ್ತು. ಜೊತೆಗೆ ಒಬ್ಬರಿದ್ದರೆ ಆ ಅಳುಕು ಬೇಗ ಹೋಗುತ್ತದೆ.

ಎಲ್ಲಿ ಓಡುವುದು

ಮೈಸೂರಿನವರು ಈ ವಿಷಯದಲ್ಲಿ ಪುಣ್ಯವಂತರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯ ಸುತ್ತ ಮರದ ನೆರಳಿದೆ, ವಾಹನದ ಕಾಟವಿಲ್ಲ, ನೀರಿನ ಮೇಲೆ ಹೆಜ್ಜಾರ್ಲೆಗಳು ತೇಲುತ್ತಿರುತ್ತವೆ. ಆದರೆ ಮೊದಲ ದಿನವೇ ಒಂದು ಸುತ್ತು ಹಾಕಬೇಕೆಂಬ ಹಟ ಬೇಡ. ಸುತ್ತು ನಾಲ್ಕು ಕಿ.ಮೀ. ಮೀರುತ್ತದೆ. ಆ ಬದಿಗೆ ಹೋದಾಗ ಕಾಲು ಹಿಡಿದರೆ ಹಿಂದಿರುಗಲೂ ದೂರ, ಮುಂದೆ ಹೋಗಲೂ ದೂರ. ಗೇಟಿನಿಂದ ಹದಿನೈದು ನಿಮಿಷ ಹೋಗಿ, ಬಂದ ದಾರಿಯಲ್ಲೇ ವಾಪಸ್ ಬನ್ನಿ.

ಓವಲ್ ಮೈದಾನ, ಲಿಂಗಾಂಬುಧಿ ಕೆರೆಯೂ ಒಳ್ಳೆಯವೇ. ಮಂಡ್ಯದವರಿಗೆ ವಿಶ್ವೇಶ್ವರಯ್ಯ ಕ್ರೀಡಾಂಗಣವಿದೆ. ನಾಲೆ ಏರಿ ನೋಡಲು ಚೆಂದ, ಆದರೆ ಕತ್ತಲಲ್ಲಿ ಅಲ್ಲಿ ಓಡಬೇಡಿ. ಕಬ್ಬು ಕಡಿಯುವ ಕಾಲದಲ್ಲಿ ಲೋಡು ಹೊತ್ತ ಟ್ರ್ಯಾಕ್ಟರುಗಳು ಮುಂಜಾನೆಯೇ ಓಡಾಡುತ್ತವೆ, ರಸ್ತೆಯಲ್ಲಿ ಓಡಲೇಬೇಕಾದರೆ ಬಲಬದಿಯಲ್ಲಿ, ಎದುರಿನಿಂದ ಬರುವ ವಾಹನ ಕಾಣುವಂತೆ ಓಡಿ. ತಿಳಿ ಬಣ್ಣದ ಅಂಗಿ ಹಾಕಿ. ಕಿವಿಗೆ ಇಯರ್‌ಫೋನ್ ಬೇಡ. ಬೀದಿನಾಯಿ ಬೊಗಳಿದರೆ ಓಟ ನಿಲ್ಲಿಸಿ ನಡೆಯಿರಿ, ಓಡಿದಷ್ಟೂ ಅವು ಅಟ್ಟಿಸಿಕೊಂಡು ಬರುತ್ತವೆ.

‘ಆಷಾಢದಲ್ಲಿ ಚಾಮುಂಡಿ ಬೆಟ್ಟ ಹತ್ತಿಲ್ಲವೇ, ಓಡೋದೇನು ಮಹಾ’ ಎನ್ನುವವರಿದ್ದಾರೆ. ಸಾವಿರ ಮೆಟ್ಟಿಲು ಹತ್ತುವುದು ದಮ್ಮಿಗೆ ಒಳ್ಳೆಯ ಕಸರತ್ತು, ನಿಜ. ಹತ್ತುವಾಗ ಒಂದಲ್ಲ ಒಂದು ಪಾದ ನೆಲದ ಮೇಲೆ ಇದ್ದೇ ಇರುತ್ತದೆ. ಓಟದಲ್ಲಿ ಎರಡೂ ಪಾದ ನೆಲ ಬಿಟ್ಟು, ಆಮೇಲೆ ಇಡೀ ಮೈ ಒಂದೇ ಕಾಲಿನ ಮೇಲೆ ಬೀಳುತ್ತದೆ. ಮೈತೂಕದ ಎರಡು ಮೂರು ಪಟ್ಟು ಭಾರ ಆ ಕ್ಷಣ ಆ ಕಾಲಿಗೆ ಬರುತ್ತದೆ. ಅದಕ್ಕೆ ಬೇರೆಯದೇ ತಯಾರಿ ಬೇಕು.

ಬಸ್ಸಾರಿನ ಪರೀಕ್ಷೆ

ಸರಿಯಾದ ವೇಗ ಯಾವುದು ಎಂದು ತಿಳಿಯಲು ಯಾವ ಮೆಷಿನ್ನೂ ಬೇಡ. ಓಡುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಅಷ್ಟೇ.

ಮೊದಲ ದಿನ ಅಕ್ಕ ನನ್ನನ್ನು ಹಿಂದೆ ಹಾಕಿ ಓಡಿದರು. ನಾನು ಹಿಂದಿನಿಂದ ಕೇಳಿದೆ, ‘ಅಕ್ಕಾ, ನಿಮ್ಮ ಕಡೆ ಬಸ್ಸಾರು ಹೆಂಗೆ ಮಾಡೋದು?’

‘ಸೊಪ್ಪು... ಕಾಳು... ಬೇಯ್ಸಿ...’ ಅಂದರು. ಮುಂದಕ್ಕೆ ಮಾತು ಹೊರಡಲಿಲ್ಲ.

‘ಹಂಗಾದ್ರೆ ನಿಧಾನ ಮಾಡಿ’ ಅಂದೆ. ಮಾಡಿದರು. ‘ಇನ್ನೂ ನಿಧಾನ.’

‘ಇದಕ್ಕಿಂತ ನಿಧಾನ ಅಂದ್ರೆ ನಡ್ಕೊಂಡೇ ಹೋಗ್ಬೋದು ಕಣೇ!’

‘ನಡಿಗೆಗಿಂತ ಒಂದು ಕೂದಲಷ್ಟು ಜಾಸ್ತಿ ಇದ್ರೆ ಸಾಕು. ಈಗ ಹೇಳಿ.’

‘ಸೊಪ್ಪು, ಕಾಳು ಬೇಯ್ಸಿ, ಕಟ್ಟು ಬಸ್ಕೊಂಡು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಮೆಣಸು, ಒಂದು ಹಿಡಿ ಬೆಂದ ಕಾಳು ಹಾಕಿ ರುಬ್ಕೊಬೇಕು...’

ಅದೇ ಅವರ ವೇಗ. ವಾಕಿಂಗ್ ಮಾಡುತ್ತಿದ್ದ ಹಿರಿಯರೊಬ್ಬರು ನಮ್ಮನ್ನು ದಾಟಿ ಹೋದರು, ಹೋಗಲಿ. ಅಷ್ಟು ನಿಧಾನಕ್ಕೆ ಓಡುವುದು ಹೊಸಬರಿಗೆ ಕಷ್ಟ, ಏಕೆಂದರೆ ಓಟವೆಂದರೆ ಏದುಸಿರು ಬರಲೇಬೇಕು ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಒಬ್ಬರೇ ಓಡುವವರು ಬಾಯಿಪಾಠ ಬರುವ ಪದ್ಯವನ್ನೋ ಸ್ತೋತ್ರವನ್ನೋ ಹೇಳಿಕೊಳ್ಳಿ. ಸಾಲಿನ ನಡುವೆ ಉಸಿರು ಕಡಿದರೆ ವೇಗ ಇಳಿಸಿ.

ಒಂಬತ್ತು ವಾರಗಳ ಲೆಕ್ಕ

ಜಾಶ್ ಕ್ಲಾರ್ಕ್ ಎಂಬ ಅಮೆರಿಕದವರು 1996ರಲ್ಲಿ ರೂಪಿಸಿದ ‘ಕೌಚ್ ಟು 5ಕೆ’ (ಸೋಫಾದಿಂದ ಎದ್ದು 5 ಕಿ.ಮೀ. ಓಟದವರೆಗೆ) ಎಂಬ ಕ್ರಮ ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ನಾವು ಹಿಡಿದದ್ದೂ ಅದನ್ನೇ. ವಾರಕ್ಕೆ ಮೂರೇ ದಿನ, ನಡುವೆ ಒಂದೊಂದು ದಿನ ಬಿಡುವು. ಪ್ರತಿ ದಿನವೂ ಮೊದಲು 5 ನಿಮಿಷ ಬಿರುಸು ನಡಿಗೆ, ಕೊನೆಯಲ್ಲಿ 5 ನಿಮಿಷ ನಿಧಾನ ನಡಿಗೆ. ಇವೆರಡರ ನಡುವಿನದು ಹೀಗೆ:

ಮೊದಲ ವಾರ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ. ಹೀಗೆ ಎಂಟು ಸಲ, ಒಟ್ಟು 20 ನಿಮಿಷ. ಎರಡನೆಯ ವಾರ 90 ಸೆಕೆಂಡ್ ಓಟ, 2 ನಿಮಿಷ ನಡಿಗೆ, ಆರು ಸಲ. ಮೂರನೆಯ ವಾರ 90 ಸೆಕೆಂಡ್ ಓಟ, ಅಷ್ಟೇ ನಡಿಗೆ, ಆಮೇಲೆ 3 ನಿಮಿಷ ಓಟ, 3 ನಿಮಿಷ ನಡಿಗೆ. ಇದಿಷ್ಟನ್ನೂ ಎರಡು ಸಲ.

ನಾಲ್ಕನೆಯ ವಾರದಲ್ಲಿ ಓಟ 3, 5, 3, 5 ನಿಮಿಷ. ಮೂರು ನಿಮಿಷದ ಓಟದ ನಂತರ ಒಂದೂವರೆ ನಿಮಿಷ, ಐದರ ನಂತರ ಎರಡೂವರೆ ನಿಮಿಷ ನಡಿಗೆ.

ಐದನೆಯ ವಾರ ಮೂರು ದಿನವೂ ಬೇರೆ ಬೇರೆ. ಮೊದಲ ದಿನ 5 ನಿಮಿಷದ ಓಟ ಮೂರು ಸಲ, ನಡುವೆ 3 ನಿಮಿಷ ನಡಿಗೆ. ಎರಡನೆಯ ದಿನ 8 ನಿಮಿಷದ ಓಟ ಎರಡು ಸಲ, ನಡುವೆ 5 ನಿಮಿಷ ನಡಿಗೆ. ಮೂರನೆಯ ದಿನ ನಿಲ್ಲದೆ 20 ನಿಮಿಷ. ಇದನ್ನು ಓದಿದವರೆಲ್ಲ ಗಾಬರಿಯಾಗುತ್ತಾರೆ. ಅಕ್ಕ ಹಿಂದಿನ ರಾತ್ರಿ ಫೋನ್ ಮಾಡಿ ‘ನಾಳೆ ಬರಲ್ಲ’ ಅಂದಿದ್ದರು. ಬಂದರು, ಓಡಿದರು. ಅಷ್ಟು ಹೊತ್ತಿಗೆ ಮೈ ತಯಾರಾಗಿರುತ್ತದೆ, ಮನಸ್ಸಿಗೆ ಅದು ಗೊತ್ತಿರುವುದಿಲ್ಲ. ಅಂದು ಮಾತ್ರ ಎಂದಿಗಿಂತ ನಿಧಾನವಾಗಿ ಹೊರಡಿ.

ಆರನೆಯ ವಾರ ಮೊದಲ ದಿನ 5, 8, 5 ನಿಮಿಷ, ಎರಡನೆಯ ದಿನ 10, 10 ನಿಮಿಷ, ನಡುನಡುವೆ 3 ನಿಮಿಷ ನಡಿಗೆ. ಮೂರನೆಯ ದಿನ ಒಂದೇ ಸಮ 25 ನಿಮಿಷ. ಏಳರಲ್ಲಿ ಮೂರು ದಿನವೂ 25, ಎಂಟರಲ್ಲಿ 28, ಒಂಬತ್ತರಲ್ಲಿ 30.

ಒಂದು ವಾರ ಕಷ್ಟವೆನಿಸಿದರೆ ಅದನ್ನೇ ಮತ್ತೆ ಮಾಡಿ, ಮುಂದಕ್ಕೆ ಹಾರಬೇಡಿ. ಮದುವೆ, ಹಬ್ಬ, ಜ್ವರ ಎಂದು ವಾರ ತಪ್ಪಿದರೆ ಒಂದು ವಾರ ಹಿಂದಕ್ಕೆ ಹೋಗಿ. ನಮಗೆ ಒಂಬತ್ತು ವಾರದ್ದು ಮುಗಿಸಲು ಹದಿಮೂರು ವಾರ ಹಿಡಿಯಿತು. 30 ನಿಮಿಷದಲ್ಲಿ 5 ಕಿ.ಮೀ. ಆಗಲಿಲ್ಲವೆಂದು ಕೊರಗುವುದೂ ಬೇಡ. ಕಿ.ಮೀ.ಗೆ 8 ನಿಮಿಷದಂತೆ ಓಡಿದರೆ ಮೂಮುಕ್ಕಾಲು ಕಿ.ಮೀ. ಆಗುತ್ತದೆ, ಅದು ಒಳ್ಳೆಯ ಓಟವೇ.

ಬಿಡುವಿನ ದಿನ ಬಿಡುವೇ

ನಾನು ತಪ್ಪಿದ್ದು ಇಲ್ಲಿ. ನಾಲ್ಕನೆಯ ವಾರಕ್ಕೆ ಉಸಿರು ಹಗುರಾಗಿತ್ತು. ಆ ಹುರುಪಿನಲ್ಲಿ ವಾರಕ್ಕೆ ಆರು ದಿನ ಓಡಿದೆ. ಹತ್ತನೆಯ ದಿನ ಬಲಗಾಲಿನ ಮಂಡಿಯ ಕೆಳಗೆ, ಮುಂದಿನ ಮೂಳೆಯ ಒಳಬದಿ ಬೆರಳಿಟ್ಟರೆ ಜೀವ ಹೋಗುವಷ್ಟು ನೋವು. ಮೂರು ವಾರ ಓಟ ನಿಂತಿತು.

ಕಾರಣ ಸರಳ. ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಪಳಗುತ್ತವೆ. ಮೂಳೆಗೆ, ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಹೊಸ ಭಾರ ಬಿದ್ದಾಗ ಮೂಳೆ ಮೊದಲು ತನ್ನ ಹಳೆಯ ಭಾಗವನ್ನು ಕರಗಿಸಿ, ಆಮೇಲೆ ಆ ಜಾಗದಲ್ಲಿ ಹೊಸದನ್ನು ಕಟ್ಟುತ್ತದೆ. ಕಟ್ಟುವ ಕೆಲಸ ನಡೆಯುವುದೇ ಬಿಡುವಿನ ದಿನಗಳಲ್ಲಿ. ಇನ್ನೂ ಓಡಬಲ್ಲೆ ಎಂದು ಉಸಿರು ಹೇಳುವಾಗ ಮೂಳೆ ಸಿದ್ಧವಾಗಿರುವುದಿಲ್ಲ.

ಎಲ್ಲ ನೋವಿಗೂ ಹೆದರಬೇಕಾಗಿಲ್ಲ. ತೊಡೆ, ಮೀನಖಂಡಗಳಲ್ಲಿ ಎರಡೂ ಕಾಲಿಗೆ ಸಮನಾಗಿ ಬರುವ ಬಿಗಿತ, ಒಂದೆರಡು ದಿನ ಇದ್ದು ಓಡಾಡಿದಂತೆ ಸಡಿಲವಾದರೆ, ಅದು ಹೊಸ ಕೆಲಸದ ಮೈಕೈ ನೋವು. ಒಂದೇ ಕಾಲಿನಲ್ಲಿ, ಒಂದೇ ಜಾಗದಲ್ಲಿ, ಮೂಳೆಯ ಮೇಲೆ ಚುಚ್ಚುವ, ಓಡಿದಷ್ಟೂ ಹೆಚ್ಚಾಗುವ, ಕುಂಟುವಂತೆ ಮಾಡುವ ನೋವು ಬಂದರೆ ಅಂದೇ ನಿಲ್ಲಿಸಿ. ವಾರದಲ್ಲಿ ಇಳಿಯದಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ. ಮಾತ್ರೆ ನುಂಗಿ ಓಡಬೇಡಿ.

ಹೆಜ್ಜೆ ಚಿಕ್ಕದಿರಲಿ. ಪಾದ ಮೈಗಿಂತ ದೂರ ಮುಂದಕ್ಕೆ ಬೀಳದೆ ಹೆಚ್ಚುಕಡಿಮೆ ಸೊಂಟದ ಕೆಳಗೇ ಬೀಳಲಿ. ಭುಜ ಸಡಿಲ, ಮುಷ್ಟಿ ಸಡಿಲ. ಬಾಯಲ್ಲಿ ಉಸಿರಾಡಬಾರದು ಎಂಬ ನಿಯಮವೇನೂ ಇಲ್ಲ.

ಓಡುವ ಮುಂಚೆ ಒಂದು ಬಾಳೆಹಣ್ಣು, ಸ್ವಲ್ಪ ನೀರು. ಖಾಲಿ ಹೊಟ್ಟೆ ಒಗ್ಗುವವರಿಗೆ ಬಾಳೆಹಣ್ಣೂ ಬೇಡ. ಬಂದ ಮೇಲೆ ಮಜ್ಜಿಗೆ, ಎಂದಿನ ತಿಂಡಿ. ಅರ್ಧ ಗಂಟೆಯ ಓಟಕ್ಕೆ ವಿಶೇಷ ಪುಡಿ, ಪಾನೀಯ ಏನೂ ಬೇಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಶುರು ಮಾಡುವವರು ಬೆಳಿಗ್ಗೆ ಏಳರೊಳಗೆ ಮುಗಿಸಿ.

ಒಂಬತ್ತು ವಾರ ಆದ ಮೇಲೆ

ಒಂದೆರಡು ತಿಂಗಳು ಇದೇ ಮೂರು ದಿನ, ಇದೇ ಮೂವತ್ತು ನಿಮಿಷ ಇರಲಿ. ಆಮೇಲೆ ವಾರದಲ್ಲಿ ಒಂದು ದಿನ ಮಾತ್ರ ಐದೈದು ನಿಮಿಷ ಹೆಚ್ಚಿಸಿ. ವಯಸ್ಕರು ವಾರಕ್ಕೆ ಕನಿಷ್ಠ 75 ನಿಮಿಷ ಬಿರುಸಿನ ವ್ಯಾಯಾಮ ಅಥವಾ 150 ನಿಮಿಷ ಮಧ್ಯಮ ವ್ಯಾಯಾಮ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೂರು ದಿನದ ಓಟ, ಅದರ ಹಿಂದುಮುಂದಿನ ನಡಿಗೆ ಸೇರಿದರೆ ಅಷ್ಟಾಗುತ್ತದೆ. ಬಿಡುವಿನ ಎರಡು ದಿನ ಹತ್ತು ನಿಮಿಷ ಬಸ್ಕಿ, ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಲ್ಲುವುದು, ಒಂಟಿ ಕಾಲಲ್ಲಿ ನಿಲ್ಲುವುದು ಮಾಡಿ, ಮಂಡಿಗೆ ಬಲ ಬರುತ್ತದೆ.

ಅಕ್ಕ ಮೂವತ್ತು ನಿಮಿಷ ಮುಟ್ಟಿದ ದಿನ ಸಣ್ಣಗೆ ಮಳೆ ಹನಿಯುತ್ತಿತ್ತು. ನಾನು ಮತ್ತೆ ಬಸ್ಸಾರಿನ ಮಾತು ತೆಗೆದೆ. ಕಟ್ಟು ಬಸಿದು, ಖಾರ ರುಬ್ಬಿ, ಸಾರು ಕುದಿಸಿ, ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡಿ ಮುಗಿಸಿದಾಗ ಇನ್ನೂ ಆರು ನಿಮಿಷ ಉಳಿದಿತ್ತು. ಮುದ್ದೆ ಗಂಟಾಗದ ಹಾಗೆ ಹೇಗೆ ತಿರುವಬೇಕು ಎಂದು ಹೇಳುತ್ತಾ ಗೇಟು ಮುಟ್ಟಿದರು.