ಕೌಂಟರಿನಲ್ಲಿ ಕೇಳುವ ಪ್ರಶ್ನೆಗಳಿಂದ ಕಟ್ಟಿದ ಜೀನ್ಸ್ ವೆಬ್‌ಸೈಟ್

ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ ಪ್ಯಾಂಟು ದೂರದೂರಿಗೆ ಹೋಗುತ್ತದೆ, ಆದರೆ ಬಹಳಷ್ಟು ಮಾಲು ಹೋಗುವುದು ಬೇರೆಯವರ ಲೇಬಲ್ ಹಚ್ಚಿಕೊಂಡು. ಕೌಲ್ ಬಜಾರಿನಲ್ಲಿ ನಮ್ಮದೊಂದು ಸಣ್ಣ ಯೂನಿಟ್ ಇದೆ. ಕಟಿಂಗ್, ಸ್ಟಿಚಿಂಗ್ ನಮ್ಮಲ್ಲೇ, ಹೊಲಿದ ಪ್ಯಾಂಟನ್ನು ಒಗೆದು ಮೆತ್ತಗೆ ಮಾಡುವ ವಾಷಿಂಗ್ ಹೊರಗೆ, ದಾರ ಕತ್ತರಿಸುವ ಕೆಲಸ ಓಣಿಯ ಹೆಣ್ಣುಮಕ್ಕಳ ಮನೆಗಳಲ್ಲಿ. ಹೋಲ್‌ಸೇಲ್ ಉದ್ರಿ ವಸೂಲಾಗಲು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ತೊಡುವವರಿಗೇ ನೇರವಾಗಿ ಮಾರೋಣ ಎಂದು ಅಣ್ಣ ಪಟ್ಟು ಹಿಡಿದ. ವೆಬ್‌ಸೈಟ್ ಮಾಡುವ ಹೊಣೆ ನನ್ನ ಪಾಲಿಗೆ ಬಂತು.

ಕಂಪ್ಯೂಟರ್ ಮುಟ್ಟುವ ಮೊದಲು ನೋಟ್‌ಬುಕ್ ಹಿಡಿದು ಮಾಮನ ರೆಡಿಮೇಡ್ ಅಂಗಡಿಯಲ್ಲಿ ಕೂತೆ. ಗಿರಾಕಿಗಳು ಕೇಳಿದ್ದನ್ನೆಲ್ಲ ಕೇಳಿದಂತೆಯೇ ಬರೆದುಕೊಂಡೆ. "ನಂದು 34 ಸೈಜು, ಆದ್ರ ತೊಡಿ ದಪ್ಪ ಐತಿ, ಹಿಡಿತದೇನ್ರಿ?" "ಒಗದ್ರ ಕುಗ್ಗತದೇನು?" "ಬಣ್ಣ ಬಿಡಂಗಿಲ್ಲಲ್ಲ?" "ಮನಿಗೆ ಒಯ್ದು ನೋಡಿ ಸರಿ ಆಗ್ಲಿಲ್ಲ ಅಂದ್ರ ಬದಲಿ ಕೊಡ್ತೀರಾ?" ಬೆಲೆಯ ಚೌಕಾಸಿ ಶುರುವಾಗುವುದೇ ಇವಕ್ಕೆಲ್ಲ ಉತ್ತರ ಸಿಕ್ಕ ಮೇಲೆ. ಅಂಗಡಿಯಲ್ಲಿ ಮಾಮ ಬಾಯಲ್ಲಿ ಹೇಳುವುದನ್ನು ವೆಬ್‌ಸೈಟ್ ತಾನೇ ಹೇಳಬೇಕು, ಅದೂ ಗಿರಾಕಿ ಕೇಳುವ ಮೊದಲೇ. ನನ್ನ ಡಿಸೈನ್ ಅಂದರೆ ಇಷ್ಟೇ. ಬಣ್ಣ, ಲೋಗೋ, ಬ್ಯಾನರ್ ಎಲ್ಲ ಕೊನೆಗೆ ನೋಡಿಕೊಂಡೆ.

ಹೆಚ್ಚು ಶ್ರಮ ಹಾಕಿದ್ದು ಅಳತೆಗೆ. ಜೀನ್ಸ್ ವ್ಯಾಪಾರದಲ್ಲಿ ಮಾಲು ವಾಪಸ್ ಬರುವುದು ಮುಖ್ಯವಾಗಿ ಅಳತೆ ಹೊಂದದೆ. ಲೇಬಲ್ ಮೇಲೆ 34 ಎಂದಿದ್ದರೂ ಟೇಪು ಹಿಡಿದರೆ ಸೊಂಟ 35, 36 ಬರುವುದುಂಟು, ಅದೂ ಬ್ರ್ಯಾಂಡಿಗೊಂದು ತರಹ. ಹಾಗಾಗಿ ಸಿದ್ಧವಾಗಿ ಸಿಗುವ ಸೈಜ್ ಚಾರ್ಟ್ ಯಾವುದನ್ನೂ ನಾನು ನಕಲು ಮಾಡಲಿಲ್ಲ. ವಾಷಿಂಗ್ ಮುಗಿಸಿ ಬಂದ ಪ್ಯಾಂಟನ್ನೇ ಕಟಿಂಗ್ ಟೇಬಲ್ ಮೇಲೆ ಮಟ್ಟಸವಾಗಿ ಹಾಸಿ, ಬಟನ್ ಹಾಕಿ, ಸೊಂಟಪಟ್ಟಿಯ ಈ ಅಂಚಿನಿಂದ ಆ ಅಂಚಿಗೆ ಟೇಪು ಹಿಡಿದು, ಬಂದ ಇಂಚನ್ನು ಎರಡು ಪಟ್ಟು ಮಾಡಿ ಬರೆದೆ. ವಾಷಿಂಗ್‌ಗೆ ಹೋಗುವ ಮುಂಚಿನ ಅಳತೆ ಗಿರಾಕಿಗೆ ಏನೂ ಉಪಯೋಗವಿಲ್ಲ, ಬಟ್ಟೆ ಅಲ್ಲೇ ಕುಗ್ಗಿರುತ್ತದೆ. ಸೊಂಟ, ತೊಡೆ, ಫ್ರಂಟ್ ರೈಸ್ (ಮುಂಭಾಗದಲ್ಲಿ ಕಾಲು ಕೂಡುವ ಹೊಲಿಗೆಯಿಂದ ಸೊಂಟಪಟ್ಟಿಯವರೆಗೆ), ಒಳಗಾಲಿನ ಉದ್ದ, ಬಾಟಮ್ (ಕಾಲಿನ ಕೆಳತುದಿಯ ಅಗಲ) ಹೀಗೆ ಐದು ಅಳತೆ. ಪ್ರತಿಯೊಂದಕ್ಕೂ ಟೇಪು ಎಲ್ಲಿಂದ ಎಲ್ಲಿಗೆ ಹಿಡಿಯಬೇಕೆಂದು ತೋರಿಸುವ ಫೋಟೋ, ಟೇಪಿನ ಅಂಕಿ ಕಾಣುವಷ್ಟು ಹತ್ತಿರದಿಂದ. ಕೈಯಿಂದ ಆಗುವ ಕೆಲಸವಾದ್ದರಿಂದ ಅರ್ಧ ಇಂಚು ಆಚೀಚೆ ಆಗಬಹುದು ಎಂದೂ ಕೆಳಗೆ ಬರೆದೆ.

ಮೈಗೆ ಟೇಪು ಹಿಡಿದುಕೊಳ್ಳಿ ಎಂದು ಪುಟದಲ್ಲಿ ಎಲ್ಲೂ ಕೇಳಿಲ್ಲ. ಮನೆಯಲ್ಲಿ ಒಬ್ಬರೇ ಕೂತು ತಮ್ಮ ಸೊಂಟವನ್ನು ಸರಿಯಾಗಿ ಅಳೆಯುವವರು ಕಡಿಮೆ. "ನಿಮಗೆ ಚೆನ್ನಾಗಿ ಹಿಡಿಯುವ ಹಳೇ ಪ್ಯಾಂಟನ್ನು ನೆಲದ ಮೇಲೆ ಹಾಸಿ, ಅದನ್ನು ಅಳೆದು ಈ ಪಟ್ಟಿಗೆ ಹೋಲಿಸಿ" ಎಂದು ಬರೆದೆ. ಇಡೀ ವೆಬ್‌ಸೈಟಿನಲ್ಲಿ ಹೆಚ್ಚು ಕೆಲಸ ಮಾಡುತ್ತಿರುವುದು ಈ ಒಂದು ಸಾಲು. ಪಟ್ಟಿಯನ್ನು ಬೇರೆ ಪುಟದಲ್ಲಿ ಇಟ್ಟರೆ ಹುಡುಕಿಕೊಂಡು ಹೋಗುವವರಿಲ್ಲ, ಆದ್ದರಿಂದ ಸೈಜ್ ಆರಿಸುವ ಬಟನ್‌ಗಳ ಕೆಳಗೇ ಇಟ್ಟೆ.

ಬಟ್ಟೆಯ ವಿವರವೂ ಹೀಗೆಯೇ. ಡೆನಿಮ್‌ನ ತೂಕವನ್ನು ಚದರ ಗಜಕ್ಕೆ ಇಷ್ಟು ಔನ್ಸ್ ಎಂದು ಲೆಕ್ಕ ಹಾಕುತ್ತಾರೆ. ಬರೀ 10 ಔನ್ಸ್ ಎಂದರೆ ಗಿರಾಕಿಗೆ ಏನೂ ತಿಳಿಯುವುದಿಲ್ಲ. "10 ಔನ್ಸ್, ತೆಳು, ನಮ್ಮ ಬೇಸಿಗೆಗೂ ತೊಡಬಹುದು" ಎಂದರೆ ತಿಳಿಯುತ್ತದೆ. ಸ್ಟ್ರೆಚ್ ಇದ್ದರೆ ಹತ್ತಿ ಎಷ್ಟು, ಹಿಗ್ಗುವ ನೂಲಾದ ಲೈಕ್ರಾ ಎಷ್ಟು ಎಂಬ ಶೇಕಡಾವಾರು ಹಾಕಿದೆ. ಬಣ್ಣದ ಪ್ರಶ್ನೆಗೆ ಇದ್ದದ್ದನ್ನೇ ಬರೆದೆ: ಗಾಢ ನೀಲಿ ಮೊದಲ ಕೆಲವು ಒಗೆತದಲ್ಲಿ ಬಣ್ಣ ಬಿಡುತ್ತದೆ, ಬಿಳಿ ಬಟ್ಟೆ ಜೊತೆ ನೆನೆ ಹಾಕಬೇಡಿ, ಒಳಮೈ ಹೊರಗೆ ಮಾಡಿ ತಣ್ಣೀರಲ್ಲಿ ಒಗೆಯಿರಿ. ಅಣ್ಣನಿಗೆ ಇದನ್ನು ಬರೆಯಲು ಹಿಂಜರಿಕೆಯಿತ್ತು. ಮುಚ್ಚಿಟ್ಟು ಮಾರಿದರೆ ಆ ಗಿರಾಕಿ ಎರಡನೇ ಸಲ ಬರುವುದಿಲ್ಲ ಎಂಬುದು ನನ್ನ ವಾದ.

ಫೋಟೋ ಮಾಳಿಗೆಯ ಮೇಲೆ, ಬೆಳಗಿನ ನೆರಳು ಬೆಳಕಿನಲ್ಲಿ, ಮೊಬೈಲಿನಲ್ಲೇ ತೆಗೆದದ್ದು. ಟ್ಯೂಬ್‌ಲೈಟಿನ ಕೆಳಗೆ ನೀಲಿಯ ಬಣ್ಣ ಬದಲಾಗಿ ಕಾಣುತ್ತದೆ. ಮಾಡೆಲ್ ಬೇರೆ ಯಾರೂ ಅಲ್ಲ, ನಮ್ಮ ಟೈಲರ್ ಮತ್ತು ಮಾಮನ ಮಗ. ಒಬ್ಬ ತೆಳ್ಳಗೆ, ಒಬ್ಬನಿಗೆ ಹೊಟ್ಟೆಯಿದೆ. ಇಬ್ಬರ ಎತ್ತರ, ತೊಟ್ಟ ಸೈಜು ಫೋಟೋದ ಕೆಳಗೇ ಇದೆ. ಆಮೇಲೆ ಎಲ್ಲವನ್ನೂ ವೆಬ್‌ಪಿ ಮಾದರಿಗೆ ಬದಲಾಯಿಸಿ ಹಗುರ ಮಾಡಿದೆ. ಪುಟದ ದೊಡ್ಡ ಚಿತ್ರ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಇಟ್ಟಿರುವ ಅಳತೆಗೋಲು. ಹೊಸ ಫೋನಿನಲ್ಲಿ ನೋಡಿ ಸಮಾಧಾನಪಡುವ ಬದಲು ಅತ್ತೆಯ ಹಳೇ ಫೋನಿನಲ್ಲಿ, ವೈಫೈ ಇಲ್ಲದೆ ತೆರೆದು ನೋಡುತ್ತಿದ್ದೆ. ಸಂಡೂರು, ಸಿರುಗುಪ್ಪ ಕಡೆಯ ಹಳ್ಳಿಯ ಹುಡುಗ ನೋಡುವುದು ಅಂಥ ಫೋನಿನಲ್ಲೇ. ತಾನೇ ಓಡುವ ಬ್ಯಾನರ್, ಮುಖಕ್ಕೆ ಬಂದು ನಿಲ್ಲುವ ಪಾಪ್‌ಅಪ್ ಒಂದನ್ನೂ ಹಾಕಲಿಲ್ಲ.

ಕನ್ನಡದ ವಿಷಯಕ್ಕೆ ಬಂದರೆ, ವಿದೇಶದವರು ಮಾಡಿದ ಥೀಮ್‌ಗಳು, ಅಂದರೆ ವೆಬ್‌ಸೈಟಿನ ಸಿದ್ಧ ವಿನ್ಯಾಸಗಳು, ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಹೊಂದುವಂತೆ ಇರುತ್ತವೆ. 'ಬುಟ್ಟಿಗೆ ಹಾಕಿ' ಎಂಬ ಬಟನ್‌ನಲ್ಲಿ ಟಕಾರದ ಒತ್ತು ಅರ್ಧಕ್ಕೆ ಕತ್ತರಿಸಿಹೋಗುತ್ತಿತ್ತು. ಬಟನ್‌ಗೆ ಕಟ್ಟಿಹಾಕಿದ್ದ ಎತ್ತರ ತೆಗೆದು ಮೇಲೆ ಕೆಳಗೆ ಪ್ಯಾಡಿಂಗ್ (ಖಾಲಿ ಜಾಗ) ಕೊಟ್ಟೆ, ಲೈನ್ ಹೈಟ್ (ಸಾಲಿನ ಎತ್ತರ) 1.2 ಇದ್ದದ್ದನ್ನು 1.6 ಮಾಡಿದೆ, ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿದೆ. ಒತ್ತು ಪೂರ್ತಿ ಕಂಡಿತು. ಪ್ರಿಂಟಿಂಗ್ ಪ್ರೆಸ್‌ನಿಂದ ತಂದ ನಮ್ಮ ಹಳೇ ಕರಪತ್ರದ ಬರಹ ಹಳೇ ನುಡಿ ಫಾಂಟಿನಲ್ಲಿತ್ತು, ಎಲ್ಲ ಫೋನು, ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡ್ ಅಕ್ಷರಗಳಲ್ಲಿ ಅಲ್ಲ. ಅದನ್ನು ಹಾಗೇ ಅಂಟಿಸಿದರೆ ತೆರೆಯ ಮೇಲೆ ಚಿತ್ರವಿಚಿತ್ರ ಗುರುತು ಬರುತ್ತವೆ, ಗೂಗಲ್‌ಗೂ ಓದಲಾಗುವುದಿಲ್ಲ. ಯುನಿಕೋಡ್‌ಗೆ ಬದಲಾಯಿಸಿಕೊಂಡೇ ಹಾಕಬೇಕು.

ಹುಡುಕಾಟಕ್ಕೆ ಸಂಬಂಧಿಸಿ ನಮ್ಮ ಊರಿನವರು ಗಮನಿಸಬೇಕಾದದ್ದೊಂದಿದೆ. 2014ರ ನವೆಂಬರ್ 1ರಿಂದ ಬಳ್ಳಾರಿಯ ಇಂಗ್ಲಿಷ್ ಸ್ಪೆಲಿಂಗ್ ಅಧಿಕೃತವಾಗಿ Ballari ಎಂದು ಬದಲಾಗಿದೆ. ಹೊರಗಿನ ಎಷ್ಟೋ ಜನ ಇನ್ನೂ ಹಳೇ 'ಬೆಲ್ಲಾರಿ' (Bellary) ಸ್ಪೆಲಿಂಗ್‌ನಲ್ಲೇ ಹುಡುಕುತ್ತಾರೆ. ನಮ್ಮ ಬಗ್ಗೆ ಇರುವ ಪುಟದಲ್ಲಿ ಎರಡೂ ಸಹಜವಾಗಿ ಬರುವಂತೆ ಬರೆದೆ.

ದುಡ್ಡಿನ ಪುಟದಲ್ಲಿ ಅಕೌಂಟ್ ತೆರೆಯಿರಿ ಎಂಬ ಬಲವಂತ ಇಲ್ಲ. ಹೆಸರು, ವಿಳಾಸ, ಫೋನ್ ನಂಬರ್, ಯುಪಿಐ, ಮುಗಿಯಿತು. ಕ್ಯಾಶ್ ಆನ್ ಡೆಲಿವರಿ ಇಲ್ಲದಿದ್ದರೆ ಹೊಸ ಅಂಗಡಿಯನ್ನು ಜನ ನಂಬುವುದಿಲ್ಲ, ಇಟ್ಟರೆ ಬಾಗಿಲಿಗೆ ಹೋದ ಪಾರ್ಸೆಲ್ ವಾಪಸ್ ಬರುವ ಭಯ. ಅಂಥ ಆರ್ಡರ್‌ಗೆ ಕಳಿಸುವ ಮೊದಲು ಫೋನ್ ಮಾಡಿ ಸೈಜು ಕೇಳಿ ಖಾತ್ರಿ ಮಾಡಿಕೊಳ್ಳುತ್ತೇವೆ. ಕೊರಿಯರ್‌ನವರು ಅರ್ಧ ಕೆಜಿಯ ಹಂತದಲ್ಲಿ ದರ ಹಾಕುತ್ತಾರೆ. ದಪ್ಪ ಜೀನ್ಸ್ ಒಂದೇ ಆ ಗೆರೆ ದಾಟುತ್ತದೆ. ಹಾಗಾಗಿ ಸಾಗಣೆ ಖರ್ಚು, ಜಿಎಸ್‌ಟಿ ಎಲ್ಲ ಸೇರಿಸಿ ಒಂದೇ ಬೆಲೆ ತೋರಿಸಿದೆ. 2025ರ ಸೆಪ್ಟೆಂಬರ್ 22ರಿಂದ 2500 ರೂಪಾಯಿವರೆಗಿನ ಉಡುಪಿಗೆ ಜಿಎಸ್‌ಟಿ ಶೇ. 5 ಇರುವುದರಿಂದ ಲೆಕ್ಕ ಸುಲಭವಾಗಿದೆ. ಕೊನೆಯಲ್ಲಿ ಮೊತ್ತ ಏರಿದರೆ ಗಿರಾಕಿ ಅಲ್ಲಿಂದಲೇ ಎದ್ದು ಹೋಗುತ್ತಾನೆ.

2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ವ್ಯಾಪಾರದ ಹೆಸರು, ವಿಳಾಸ, ದೂರು ನೋಡಿಕೊಳ್ಳುವವರ ಹೆಸರು ಮತ್ತು ಸಂಪರ್ಕ ಕಾಣುವಂತೆ ಇರಬೇಕು. ದೂರು ಬಂದ 48 ಗಂಟೆಯೊಳಗೆ ತಲುಪಿತೆಂದು ತಿಳಿಸಿ, ತಿಂಗಳೊಳಗೆ ಬಗೆಹರಿಸಬೇಕು. ಇದನ್ನು ಹೊರೆ ಎನ್ನುವವರಿದ್ದಾರೆ. ಯೂನಿಟ್ಟಿನ ಫೋಟೋ, ಓಣಿಯ ವಿಳಾಸ, ಅಣ್ಣನ ಹೆಸರು ಹಾಕಿದ ಮೇಲೇ ಅಪರಿಚಿತರು ಮುಂಗಡ ದುಡ್ಡು ಕೊಡತೊಡಗಿದ್ದು.

ಬದಲಿಗೆ ಬರುವ ಪ್ಯಾಂಟಿನ ಜೊತೆ ಕಾರಣ ಬರೆಯುವ ಚೀಟಿಯೊಂದು ಇರುತ್ತದೆ. ಸ್ಲಿಮ್ ಫಿಟ್‌ನಲ್ಲಿ ತೊಡೆ ಬಿಗಿ ಎಂಬ ಚೀಟಿಗಳು ಹೆಚ್ಚಾದಾಗ "ತೊಡೆ ದಪ್ಪ ಇದ್ದರೆ ರೆಗ್ಯುಲರ್ ಫಿಟ್ ತಗೊಳ್ಳಿ" ಎಂದು ಪುಟದಲ್ಲಿ ಸೇರಿಸಿದೆ. ಅವೇ ಚೀಟಿಗಳನ್ನು ಕಟಿಂಗ್ ಮಾಸ್ಟರ್‌ಗೂ ತೋರಿಸಿದ್ದರಿಂದ ಪ್ಯಾಟರ್ನ್‌ನಲ್ಲೂ ತೊಡೆಗೆ ಅರ್ಧ ಇಂಚು ಜಾಸ್ತಿ ಬಂತು. ಈಗ ಹೆಣ್ಣುಮಕ್ಕಳ ಜೀನ್ಸ್ ಪುಟ ತಯಾರಾಗುತ್ತಿದೆ. ಅಲ್ಲಿ ಸೊಂಟಕ್ಕಿಂತ ಹಿಪ್ ಅಳತೆ ಮೇಲೆ ಬರಬೇಕೆಂದು ದಾರ ಕತ್ತರಿಸುವ ಅಕ್ಕಂದಿರು ಹೇಳಿದ್ದಾರೆ, ಪಟ್ಟಿಯನ್ನು ಹಾಗೆಯೇ ಜೋಡಿಸುತ್ತಿದ್ದೇನೆ.