ಗೋಣಿ ಸೊಪ್ಪು: ಮೊದಲು ದಂಟು ಮುರಿದು ನೋಡಿ

ಮುಂಗಾರಿನ ಹದ ಮಳೆ ಬಿದ್ದು ಎರಡು ಮೂರು ವಾರವಾದರೆ ಸಾಕು, ಕಡೂರು, ಅರಸೀಕೆರೆ ಕಡೆ ತೆಂಗಿನ ಬುಡದಲ್ಲಿ, ಹೊಲದ ಬದುವಿನಲ್ಲಿ, ಗೊಬ್ಬರ ಹಾಕಿದ ಹಿತ್ತಿಲಲ್ಲಿ ಗೋಣಿ ಸೊಪ್ಪು ತಾನಾಗಿಯೇ ಹಬ್ಬಿಕೊಳ್ಳುತ್ತದೆ. ಕಳೆ ಅಂತ ಕಿತ್ತು ಎಸೆಯುವ ಮೊದಲು ಒಂದು ಕುಡಿ ಕೈಗೆ ತೆಗೆದುಕೊಳ್ಳಿ.

ಬೇರು ಒಂದೇ ಕಡೆ; ಅಲ್ಲಿಂದ ದಂಟುಗಳು ಸುತ್ತಲೂ ನೆಲದ ಮೇಲೆ ಮಲಗಿದ ಹಾಗೆ ಹರಡಿರುತ್ತವೆ. ದಂಟು ದುಂಡಗೆ, ನುಣ್ಣಗೆ, ಕೆಂಪಗೆ, ನೀರು ತುಂಬಿಕೊಂಡಿರುತ್ತದೆ. ಎಲೆ ದಪ್ಪ, ತುದಿ ಅಗಲ, ಬುಡ ಕಿರಿದು, ಥೇಟ್ ಪುಟ್ಟ ಚಮಚ. ಹೂವು ಹಳದಿ, ಐದೆಸಳು; ಬಿಸಿಲಿಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚುತ್ತದೆ. ಅಂಗಳದ ಟೇಬಲ್ ರೋಸ್ ಇದರ ನೆಂಟನೇ. ಎಲೆ ಇನ್ನೂ ಚಿಕ್ಕದು, ಗಿಣ್ಣಿನಲ್ಲಿ ಬಿಳಿ ಕೂದಲು, ಹೂವಿಗೆ ನಾಲ್ಕೇ ಎಸಳು ಇದ್ದರೆ ಅದು ಸಣ್ಣ ಗೋಣಿ. ಅದನ್ನೂ ಸಾರಿಗೆ ಹಾಕಬಹುದು.

ಮೋಸ ಹೋಗುವುದು ನೆಲಕ್ಕಂಟಿ ಬೆಳೆಯುವ ಹಾಲುಗಿಡದಲ್ಲಿ. ಅದೂ ಕೆಂಪು ದಂಟಿನದೇ, ಎರಡೂ ಒಂದೇ ಮಡಿಯಲ್ಲಿ ಹೆಣೆದುಕೊಂಡಿರುತ್ತವೆ. ಆದರೆ ಅದರ ದಂಟು ದಾರದಷ್ಟು ತೆಳು, ಎಲೆಯಲ್ಲಿ ರಸವಿಲ್ಲ, ಮುರಿದರೆ ಬಿಳಿ ಹಾಲು ಬರುತ್ತದೆ. ಗೋಣಿ ಮುರಿದರೆ ಬರುವುದು ತಿಳಿನೀರು. ಹಾಲು ಬಂದದ್ದನ್ನು ಎಸೆದುಬಿಡಿ, ಅದು ಹೊಟ್ಟೆ ಕೆಡಿಸುತ್ತದೆ. ಒಟ್ಟಿಗೆ ಬಾಚಿ ತಂದು ಮನೆಯಲ್ಲಿ ಆರಿಸುತ್ತೇನೆ ಅನ್ನಬೇಡಿ. ಬಾಡಿದ ಮೇಲೆ ಗುರುತು ಹತ್ತುವುದಿಲ್ಲ. ಕಳೆನಾಶಕ ಹೊಡೆಯುವ ಶುಂಠಿ ಹೊಲ, ಕಾಫಿ ತೋಟದ ಸೊಪ್ಪಂತೂ ಬೇಡವೇ ಬೇಡ.

ಕೊಯ್ಯುವ ಹೊತ್ತಿಗೂ ರುಚಿಗೂ ಸಂಬಂಧ ಇದೆ. ರಾತ್ರಿಯೆಲ್ಲ ಎಲೆಯಲ್ಲಿ ಹುಳಿ ಸೇರುತ್ತದೆ, ಹಗಲಲ್ಲಿ ಕರಗುತ್ತದೆ. ಬೆಳಗ್ಗೆ ಕೊಯ್ದದ್ದು ಹುಳಿ ಜಾಸ್ತಿ, ಸಂಜೆಯದು ಸಪ್ಪೆ. ಬೆಳಗಿನ ಸೊಪ್ಪಿಗೆ ಹುಣಸೆಹಣ್ಣು ಅರ್ಧ ಮಾಡಿ.

ಕುಡಿ ಒಂದು ಗೇಣು ಉದ್ದ ಇರುವಾಗಲೇ ಕೊಯ್ಯಿರಿ. ಹೂ ಕಳೆದು ಬೀಜ ಕಟ್ಟಿದ್ದರೆ ಕಪ್ಪು ಬೀಜ ಮರಳಿನ ಹಾಗೆ ಹಲ್ಲಿಗೆ ಸಿಗುತ್ತದೆ. ಗಿಣ್ಣಿನ ಸಂದಿಯಲ್ಲಿ ಮಣ್ಣು ಕೂರುವುದರಿಂದ ಅಗಲವಾದ ಪಾತ್ರೆಯಲ್ಲಿ ಮುಳುಗಿಸಿ, ಸೊಪ್ಪನ್ನು ಮೇಲಿಂದ ಎತ್ತಿ, ನೀರು ಚೆಲ್ಲಿ. ಹೀಗೆ ಮೂರು ಸಲ. ನಾಲ್ಕು ಜನರ ಸಾರಿಗೆ 100 ಗ್ರಾಂ ತೊಗರಿಬೇಳೆ, 300 ಗ್ರಾಂ ಸೊಪ್ಪು. ಬೇಳೆ ಮುಕ್ಕಾಲು ಬೆಂದ ಮೇಲೆ ಸೊಪ್ಪು, ಹಸಿಮೆಣಸಿನಕಾಯಿ, ಈರುಳ್ಳಿ ಹಾಕಿ ಮುಚ್ಚಳ ತೆಗೆದು 6 ನಿಮಿಷ ಬೇಯಿಸಿ. ಕುಕ್ಕರಿಗೆ ಬೇಳೆಯ ಜೊತೆಗೇ ಹಾಕಿದರೆ ಲೋಳೆಯಾಗುತ್ತದೆ. ಕಡೆಗೋಲಿನಲ್ಲಿ ನಾಲ್ಕು ಸುತ್ತು ಮಸೆದರೆ ಸಾಕು. ಸೊಪ್ಪಿಗೇ ಸ್ವಲ್ಪ ಉಪ್ಪಿನ ಗುಣ ಇದೆ, ಉಪ್ಪು ರುಚಿ ನೋಡಿ ಹಾಕಿ. ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ರಾಗಿಮುದ್ದೆ ತಾನಾಗಿ ಇಳಿಯುತ್ತದೆ.

ಮೂತ್ರಪಿಂಡದಲ್ಲಿ ಕಲ್ಲಾದವರಿಗೆ ಇದು ಆಗದು, ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಇದರಲ್ಲಿ ಹೆಚ್ಚು. ಉಳಿದವರೂ ದಿನಾ ತಿನ್ನುವ ಸೊಪ್ಪಲ್ಲ.

ಬಿಡಿಸಿ ಮಿಕ್ಕ ದಂಟನ್ನು ತರಕಾರಿ ಮಡಿಗೆ ಎಸೆಯಬೇಡಿ, ಒಂದು ಹನಿ ಮಳೆಗೆ ಬೇರು ಬಿಟ್ಟು ಮಡಿಯನ್ನೇ ಮುಚ್ಚಿಬಿಡುತ್ತದೆ. ಸೊಪ್ಪು ಬೇಕೆನ್ನುವವರು ಅದನ್ನೇ ಒಡೆದ ಬಕೆಟ್ಟಿನ ಮಣ್ಣಿಗೆ ಚುಚ್ಚಿ.